ನುಡಿಸುವವರು ನಂಬಬಹುದಾದ ಸ್ಕೋರ್: ಪಾಶ್ಚಾತ್ಯ ಶಾಸ್ತ್ರೀಯ ಕೃತಿಯ ಮೂಲಪಾಠ ಆವೃತ್ತಿ ತರುವುದು ಹೇಗೆ

ಬೀಥೋವನ್‌ನ ಐದನೇ ಸಿಂಫನಿ 1809ರಲ್ಲಿ ಮೊದಲ ಸಲ ಅಚ್ಚಾಯಿತು. ಅದರ ಮೂರನೇ ಭಾಗದಲ್ಲಿ ಎರಡು ಬಾರ್ (ತಾಳದ ಅಳತೆಗೆ ಗೆರೆ ಎಳೆದು ಮಾಡಿದ ತುಂಡು) ಜಾಸ್ತಿ ಇದ್ದವು. ಬೀಥೋವನ್ ಮೊದಲು ಆ ಭಾಗವನ್ನು ಇನ್ನೊಂದು ಸುತ್ತು ಪೂರ್ತಿ ನುಡಿಸಬೇಕೆಂದು ಯೋಚಿಸಿದ್ದ. ಆಮೇಲೆ ಆ ಸುತ್ತನ್ನು ಕೈಬಿಟ್ಟ. ಹಿಂದಕ್ಕೆ ಹೋಗಲು ಇಟ್ಟಿದ್ದ ಎರಡು ಬಾರ್ ಮಾತ್ರ ಅಳಿಸದೆ ಉಳಿದು ಅಚ್ಚಿಗೆ ಹೋದವು. 1810ರ ಆಗಸ್ಟ್‌ನಲ್ಲಿ ಅವನೇ ಪ್ರಕಾಶಕರಾದ ಬ್ರೈಟ್‌ಕಾಫ್ ಆಂಡ್ ಹೆರ್ಟೆಲ್‌ಗೆ ಕಾಗದ ಬರೆದು ತಪ್ಪು ತೋರಿಸಿದ. ಆದರೂ ಅದು ತಿದ್ದುಪಡಿಯಾಗಲಿಲ್ಲ. 1846ರಲ್ಲಿ ಮೆಂಡೆಲ್ಸನ್ ಇದನ್ನು ಗಮನಿಸಿ ಎತ್ತಿ ಹೇಳುವ ತನಕ ಆರ್ಕೆಸ್ಟ್ರಾಗಳು ಆ ಎರಡು ಬಾರ್‌ಗಳನ್ನು ಶ್ರದ್ಧೆಯಿಂದ ನುಡಿಸುತ್ತಲೇ ಇದ್ದವು.

ನುಡಿಸುವವರು ಮುಂದೆ ಇಟ್ಟ ಹಾಳೆಯನ್ನು ನಂಬುತ್ತಾರೆ. ಹಾಳೆ ತಪ್ಪಿದರೆ ಸಂಗೀತವೂ ತಪ್ಪುತ್ತದೆ, ಅದೂ ತಲೆಮಾರುಗಟ್ಟಲೆ. ರಚನಕಾರ ಬರೆದದ್ದನ್ನು ಬೇರೆಯವರದ್ದರ ಜೊತೆ ಬೆರೆಸದೆ ಕೊಡುವ ಸ್ಕೋರೇ (ಅಚ್ಚಾದ ಸಂಗೀತ) ಮೂಲಪಾಠ ಆವೃತ್ತಿ. ಹಾಗಾಗಿ ಒಳ್ಳೆಯ ಆವೃತ್ತಿಯ ಪ್ರತಿ ನೋಟ್‌ಗೂ (ಸ್ವರದ ಗುರುತು) ಆಧಾರ ಇರಬೇಕು. ಆ ಆಧಾರ ನುಡಿಸುವವರ ಕಣ್ಣಿಗೆ ಬೀಳುವಂತೆಯೂ ಇರಬೇಕು. ಸಂಪಾದಕರು ಎಷ್ಟೇ ದೊಡ್ಡವರಾಗಲಿ, "ನಾನು ಹೇಳುತ್ತೇನೆ, ಹೀಗೇ ನುಡಿಸಿ" ಎಂಬ ಮಾತಿಗೆ ಇಲ್ಲಿ ಬೆಲೆ ಇಲ್ಲ. ಈ ಮಾರ್ಗದರ್ಶಿಯಲ್ಲಿರುವುದೆಲ್ಲ ಆ ಆಧಾರವನ್ನು ಕಂಡುಕೊಂಡು ತೋರಿಸುವ ಕೆಲಸವೇ.

ಹಂತ 1: ಹೊಸ ಆವೃತ್ತಿ ಯಾಕೆ ಬೇಕು?

ಜರ್ಮನಿಯ ಪ್ರಕಾಶಕ ಸಂಸ್ಥೆ ಹೆನ್ಲೆ 1948ರಿಂದ ಮೂಲಪಾಠ ಆವೃತ್ತಿಗಳನ್ನೇ ತರುತ್ತಿದೆ. ಇನ್ನೊಂದು ಪ್ರಕಾಶಕ ಸಂಸ್ಥೆ ಬೇರನ್‌ರೈಟರ್ ಹೊರತಂದ ಬಾಖ್‌ನ ಹೊಸ ಸಮಗ್ರ ಆವೃತ್ತಿ 1954ರಲ್ಲಿ ಶುರುವಾಗಿ 2007ರಲ್ಲಿ ಮುಗಿಯಿತು. ಇಷ್ಟು ಕೆಲಸ ಆಗಿರುವಾಗ ಇನ್ನೊಂದು ಪುಸ್ತಕ ಯಾಕೆ ಎಂಬ ಪ್ರಶ್ನೆಗೆ ನಿಮ್ಮಲ್ಲಿ ಉತ್ತರ ಇರಲೇಬೇಕು. ಒಪ್ಪುವಂಥ ಕಾರಣಗಳು ಕೆಲವು ಇವೆ. ಹೊಸ ಆಕರ ಸಿಕ್ಕಿರಬಹುದು. ಮೊಜಾರ್ಟ್‌ನ ಕೆ. 331 ಪಿಯಾನೊ ಸೊನಾಟಾದ ಸ್ವಂತ ಕೈಬರಹದ ನಾಲ್ಕು ಪುಟಗಳು 2014ರಲ್ಲಿ ಬುಡಾಪೆಸ್ಟ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಸಿಕ್ಕಾಗ, ಜಗತ್ತು ಬಾಯಿಪಾಠ ಮಾಡಿಕೊಂಡಿದ್ದ ಕೃತಿಯನ್ನೇ ಮತ್ತೆ ನೋಡಬೇಕಾಯಿತು. ಅಥವಾ ಈಗಿರುವ ಆವೃತ್ತಿಗಳು ಹಳೆಯ ಸಂಪಾದಕರ ಸ್ಲರ್ (ನೋಟ್‌ಗಳನ್ನು ಬೆಸೆದು ನುಡಿಸಲು ಹಾಕುವ ಕಮಾನು ಗೆರೆ), ಪೆಡಲ್, ಜೋರು-ಮೆದು ಗುರುತುಗಳನ್ನು ರಚನಕಾರನದ್ದರ ಜೊತೆ ಬೆರೆಸಿರಬಹುದು. ಅಥವಾ ಕೃತಿ ಇದುವರೆಗೆ ಸರಿಯಾಗಿ ಅಚ್ಚೇ ಆಗಿರಲಿಕ್ಕಿಲ್ಲ.

ಮೊದಲ ಸಲ ಈ ಕೆಲಸಕ್ಕೆ ಕೈ ಹಾಕುವವರು ಕೊನೆಯ ಬಗೆಯದನ್ನೇ ಆರಿಸಿಕೊಳ್ಳಿ ಎನ್ನುವುದು ನನ್ನ ಸಲಹೆ. ಹೆಸರಾಂತ ಸೊನಾಟಾದ ಇಪ್ಪತ್ತನೆಯ ಆವೃತ್ತಿಗಿಂತ, ಯಾರೂ ಮುಟ್ಟದ ಒಂದು ಒಳ್ಳೆಯ ಟ್ರಿಯೊ (ಮೂರು ವಾದ್ಯಗಳ ಕೃತಿ) ಸಂಗೀತಗಾರರಿಗೆ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಹಂತ 2: ಹಕ್ಕು ಯಾರದು?

ಇದನ್ನು ಮೊದಲೇ ಮುಗಿಸಿಕೊಳ್ಳಿ. ರಚನಕಾರ ತೀರಿಹೋದ ಮೇಲೆ ಹಕ್ಕು ಎಷ್ಟು ವರ್ಷ ಉಳಿಯುತ್ತದೆ ಎನ್ನುವುದು ದೇಶದಿಂದ ದೇಶಕ್ಕೆ ಬೇರೆ. ಯುರೋಪಿಯನ್ ಯೂನಿಯನ್‌ನಲ್ಲಿ 70 ವರ್ಷ, ಭಾರತದಲ್ಲಿ 60. ಅಮೆರಿಕದಲ್ಲಿ ಹಳೆಯ ಕೃತಿಗಳಿಗೆ ಪ್ರಕಟವಾದ ದಿನದಿಂದ 95 ವರ್ಷದ ಲೆಕ್ಕ. ನೀವು ಎಲ್ಲೆಲ್ಲಿ ಮಾರುತ್ತೀರೋ ಅಲ್ಲಲ್ಲಿನ ಕಾನೂನು ನೋಡಬೇಕು.

ರಚನಕಾರನ ಹಕ್ಕು ಮುಗಿದರೂ ಆವೃತ್ತಿಯ ಹಕ್ಕು ಬೇರೆಯಾಗಿ ಉಳಿದಿರಬಹುದು. ಜರ್ಮನಿಯಲ್ಲಿ ವಿದ್ವತ್ ಆವೃತ್ತಿಗೆ 25 ವರ್ಷ ರಕ್ಷಣೆ ಇದೆ. ಬ್ರಿಟನ್ನಿನಲ್ಲಿ ಅಚ್ಚಾದ ಪುಟದ ವಿನ್ಯಾಸಕ್ಕೂ 25 ವರ್ಷ ರಕ್ಷಣೆ ಇದೆ. ಅಂದರೆ ಬೇರೆಯವರ ಹೊಸ ಆವೃತ್ತಿಯನ್ನು ಮುಂದಿಟ್ಟುಕೊಂಡು ಟೈಪ್ ಮಾಡುವಂತಿಲ್ಲ. ಕಾನೂನು ಬಿಟ್ಟರೂ ಅದು ತಪ್ಪೇ, ಅವರ ತಪ್ಪುಗಳೂ ನಿಮ್ಮ ಪುಸ್ತಕಕ್ಕೆ ಬಂದುಬಿಡುತ್ತವೆ. ಹಸ್ತಪ್ರತಿಯ ಚಿತ್ರವನ್ನು ಪುಸ್ತಕದಲ್ಲಿ ಹಾಕುವುದಿದ್ದರೆ ಗ್ರಂಥಾಲಯದ ಅನುಮತಿಯನ್ನು ಬರಹದಲ್ಲಿ ಪಡೆಯಿರಿ.

ಹಂತ 3: ಆಕರಗಳನ್ನು ಹುಡುಕುವುದು

ಪಟ್ಟಿ ಮಾಡಬೇಕಾದದ್ದು ಇವು: ರಚನಕಾರನ ಕರಡು, ಅವನ ಕೈಬರಹದ ಶುದ್ಧಪ್ರತಿ, ನಕಲುಗಾರ ಬರೆದು ಅವನು ತಿದ್ದಿದ ಪ್ರತಿ, ಅಚ್ಚಿಗೆ ಕೊಟ್ಟ ಪ್ರತಿ, ತಿದ್ದಿದ ಪ್ರೂಫ್, ಮೊದಲ ಮುದ್ರಣ, ಅವನು ಬದುಕಿದ್ದಾಗಲೇ ಬಂದ ಮರುಮುದ್ರಣಗಳು, ಶಿಷ್ಯರ ಬಳಿ ಇದ್ದ ಪ್ರತಿಗಳು, ಪ್ರಕಾಶಕರಿಗೆ ಬರೆದ ಕಾಗದಗಳು. ಎಲ್ಲ ಕೃತಿಗೂ ಇಷ್ಟೆಲ್ಲ ಸಿಗುವುದಿಲ್ಲ. ಕೆಲವಕ್ಕೆ ಒಂದೇ ಒಂದು ಹಳೆಯ ಅಚ್ಚು ಉಳಿದಿರುತ್ತದೆ.

ಹುಡುಕಾಟವನ್ನು ರಿಸ್ಮ್‌ನಿಂದ ಶುರು ಮಾಡಿ. 1952ರಲ್ಲಿ ಹುಟ್ಟಿದ ಈ ಅಂತರರಾಷ್ಟ್ರೀಯ ಸಂಸ್ಥೆ ಜಗತ್ತಿನ ಗ್ರಂಥಾಲಯಗಳಲ್ಲಿರುವ ಸಂಗೀತದ ಆಕರಗಳನ್ನು ದಾಖಲಿಸುತ್ತಿದೆ. ಅದರ ಆನ್‌ಲೈನ್ ಪಟ್ಟಿ ಉಚಿತ. ಬಾಖ್‌ಗೆ ಬಾಖ್ ಡಿಜಿಟಲ್, ಬೀಥೋವನ್‌ಗೆ ಬಾನ್ ನಗರದ ಬೀಥೋವನ್ ಹೌಸ್‌ನ ಡಿಜಿಟಲ್ ಸಂಗ್ರಹ, ಶೋಪಾನ್‌ಗೆ ಮೊದಲ ಮುದ್ರಣಗಳ ಆನ್‌ಲೈನ್ ಸಂಗ್ರಹ ಇವೆ. ಉಚಿತ ಸ್ಕೋರ್‌ಗಳ ಜಾಲತಾಣ ಐಎಂಎಸ್ಎಲ್‌ಪಿಯಲ್ಲೂ ಸ್ಕ್ಯಾನ್‌ಗಳು ರಾಶಿ ಇವೆ. ಆದರೆ ಅಲ್ಲಿ ಸಿಕ್ಕಿದ್ದು ಯಾವ ಮುದ್ರಣ, ಯಾವ ಗ್ರಂಥಾಲಯದ ಪ್ರತಿ ಎಂದು ಖಚಿತ ಮಾಡಿಕೊಳ್ಳದೆ ಬಳಸಬೇಡಿ.

"ಮೊದಲ ಮುದ್ರಣ" ಎಂದ ಕೂಡಲೇ ಒಂದೇ ಪಠ್ಯ ಎಂದುಕೊಳ್ಳಬಾರದು. ಆಗ ಸಂಗೀತವನ್ನು ಲೋಹದ ಪ್ಲೇಟ್ ಮೇಲೆ ಉಲ್ಟಾ ಕೊರೆದು ಅಚ್ಚು ಹಾಕುತ್ತಿದ್ದರು. ಬೇಡಿಕೆ ಬಂದಷ್ಟೇ ಪ್ರತಿ ತೆಗೆಯುತ್ತಿದ್ದರು. ಮಧ್ಯೆ ತಪ್ಪು ಕಂಡರೆ ಪ್ಲೇಟ್ ತಟ್ಟಿ ಸಮ ಮಾಡಿ ಮತ್ತೆ ಕೊರೆಯುತ್ತಿದ್ದರು. ಹಾಗಾಗಿ ಮುಖಪುಟ ಒಂದೇ, ಪ್ಲೇಟ್ ನಂಬರ್ ಒಂದೇ, ಒಳಗಿನ ನೋಟ್ ಮಾತ್ರ ಬೇರೆ ಇರಬಹುದು. ಬೇರೆ ಬೇರೆ ಗ್ರಂಥಾಲಯಗಳಿಂದ ಎರಡು ಮೂರು ಪ್ರತಿ ತರಿಸಿ ಹೋಲಿಸಿದರೆ ಮಾತ್ರ ಇದು ಗೊತ್ತಾಗುತ್ತದೆ.

ಸ್ಕ್ಯಾನ್ ಬಣ್ಣದಲ್ಲಿರಲಿ. ಕಪ್ಪು-ಬಿಳುಪಿನಲ್ಲಿ ಶಾಯಿಯೂ ಪೆನ್ಸಿಲ್ಲೂ ಒಂದೇ ಥರ ಕಾಣುತ್ತವೆ. ಕೆಂಪು ಸೀಸದಲ್ಲಿ ಯಾರೋ ಆಮೇಲೆ ಗೀಚಿದ್ದು ರಚನಕಾರನದ್ದೇ ಅನ್ನಿಸಿಬಿಡುತ್ತದೆ. ತಕರಾರು ಇರುವ ಜಾಗಗಳಿಗಾದರೂ ಮೂಲ ಕಾಗದವನ್ನೇ ಹೋಗಿ ನೋಡಿ. ಕೆರೆದು ತೆಗೆದ ನೋಟ್‌ನ ಗುರುತು, ಹಾಳೆಯ ಆಚೆ ಬದಿಯಿಂದ ಇಳಿದ ಶಾಯಿಯ ಚುಕ್ಕೆ, ಕಾಗದದ ನೀರುಗುರುತು, ಇವೆಲ್ಲ ಪರದೆಯ ಮೇಲೆ ಸರಿಯಾಗಿ ಕಾಣುವುದಿಲ್ಲ. ಸ್ಟ್ಯಾಕಾಟೊ (ತುಂಡು ತುಂಡಾಗಿ ನುಡಿಸುವ) ಚುಕ್ಕೆ ಎಂದುಕೊಂಡದ್ದು ಹಿಂಬದಿಯ ಶಾಯಿ ಆಗಿರುವುದು ಅಪರೂಪವೇನಲ್ಲ.

ಹಂತ 4: ಯಾವುದರಿಂದ ಯಾವುದು ಬಂತು?

ಆಕರಗಳೆಲ್ಲ ಕೈಗೆ ಬಂದ ಮೇಲೆ ಅವುಗಳ ವಂಶವೃಕ್ಷ ಬರೆಯಬೇಕು. ಸುಲಭವಾಗಿ ಗುರುತಿಸಲು ಪ್ರತಿಯೊಂದಕ್ಕೂ ಒಂದು ಸಂಕೇತ ಕೊಡಿ. ಹಸ್ತಪ್ರತಿಗೆ "ಹ", ನಕಲುಗಾರನ ಪ್ರತಿಗೆ "ನ", ಮುದ್ರಣಗಳಿಗೆ "ಮು1", "ಮು2" ಹೀಗೆ.

ಸಂಬಂಧ ತೋರಿಸುವುದು ಸರಿ ಇರುವ ಜಾಗಗಳಲ್ಲ, ತಪ್ಪು ಇರುವ ಜಾಗಗಳು. ಸರಿಯಾದ ನೋಟ್ ಎರಡು ಪ್ರತಿಗಳಲ್ಲಿ ಒಂದೇ ಇದ್ದರೆ ಅದರಿಂದ ಏನೂ ಗೊತ್ತಾಗದು. ಆದರೆ "ನ" ಮತ್ತು "ಮು1" ಎರಡರಲ್ಲೂ ಒಂದೇ ಬಾರ್ ಬಿಟ್ಟುಹೋಗಿದ್ದರೆ, ಒಂದು ಇನ್ನೊಂದರಿಂದ ಬಂದಿದೆ ಅಥವಾ ಎರಡಕ್ಕೂ ಕಳೆದುಹೋದ ಒಂದು ತಾಯಿಪ್ರತಿ ಇದೆ. ಮು1ರಲ್ಲಿ ಸಾಲು ಮುರಿಯುವ ಜಾಗದಲ್ಲಿ ಸ್ಲರ್ ಅರ್ಧಕ್ಕೆ ನಿಂತಿದೆ, ಮು2ರಲ್ಲಿ ಅದೇ ಜಾಗ ಸಾಲಿನ ನಡುವೆ ಬಂದರೂ ಸ್ಲರ್ ಅಲ್ಲೇ ನಿಂತಿದೆ ಎಂದರೆ, ಮು2 ನೋಡಿ ಬರೆದದ್ದು ಮು1ನ್ನೇ. ಹಾಗಿದ್ದಾಗ ಮು2ಗೆ ಸ್ವತಂತ್ರ ಸಾಕ್ಷಿಯ ಬೆಲೆ ಇಲ್ಲ. ರಚನಕಾರ ಮು2ಕ್ಕೆ ತಾನೇ ಕುಳಿತು ತಿದ್ದುಪಡಿ ಕೊಟ್ಟಿದ್ದ ಎಂದು ತೋರಿಸುವ ಕಾಗದ ಸಿಕ್ಕರೆ ಮಾತು ಬೇರೆ.

ಐದು ಮುದ್ರಣ ಒಂದು ಕಡೆ, ಒಂದೇ ಹಸ್ತಪ್ರತಿ ಇನ್ನೊಂದು ಕಡೆ ಇದ್ದಾಗ ತಲೆ ಎಣಿಸಿ ತೀರ್ಮಾನ ಮಾಡಬಾರದು. ಐದೂ ಒಂದೇ ತಪ್ಪಿನ ಮಕ್ಕಳಾಗಿರಬಹುದು.

ಬಾಖ್‌ನ ಚೆಲ್ಲೊ ಸ್ವೀಟ್‌ಗಳು ಈ ಕೆಲಸಕ್ಕೆ ಒಳ್ಳೆಯ ಪಾಠಶಾಲೆ. ಬಾಖ್‌ನ ಕೈಬರಹ ಸಿಕ್ಕಿಲ್ಲ. 18ನೇ ಶತಮಾನದ ನಾಲ್ಕು ನಕಲುಗಳಿವೆ. ಅವುಗಳಲ್ಲಿ ಒಂದು ಅವನ ಹೆಂಡತಿ ಆನಾ ಮಗ್ದಲೇನಾ ಬರೆದದ್ದು, ಇನ್ನೊಂದು ಕೆಲ್ನರ್ ಎಂಬುವನು 1726ರಲ್ಲಿ ಬರೆದದ್ದು. ಆನಾ ಮಗ್ದಲೇನಾ ಅವರ ನಕಲಿನಲ್ಲಿ ನೋಟ್‌ಗಳು ಅಚ್ಚುಕಟ್ಟು, ಸ್ಲರ್‌ಗಳು ಮಾತ್ರ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತವೋ ಹೇಳುವುದು ಕಷ್ಟ. ಒಂದು ಕಮಾನು ಎರಡನೇ ನೋಟ್‌ನ ಮೇಲೆ ಎದ್ದು ಮೂರೂವರೆಯ ಹತ್ತಿರ ಇಳಿದ ಹಾಗೆ ಕಾಣುತ್ತದೆ. ಇದನ್ನು ಹೇಗೆ ಓದುವುದು? ಅದೃಷ್ಟಕ್ಕೆ ಬಾಖ್‌ನ ಒಂಟಿ ಪಿಟೀಲಿನ ಕೃತಿಗಳನ್ನೂ ಅವರು ನಕಲು ಮಾಡಿದ್ದಾರೆ. ಅವಕ್ಕೆ 1720ರ ಬಾಖ್‌ನ ಸ್ವಂತ ಕೈಬರಹವೂ ಉಳಿದಿದೆ. ಎರಡನ್ನೂ ಅಕ್ಕಪಕ್ಕ ಇಟ್ಟರೆ, ಬಾಖ್ ಬರೆದ ಸ್ಲರ್ ಅವರ ಕೈಯಲ್ಲಿ ಎತ್ತ ಜಾರುತ್ತದೆ, ಎಲ್ಲಿ ಬಿಟ್ಟುಹೋಗುತ್ತದೆ ಎನ್ನುವುದು ಕಾಣುತ್ತದೆ. ಆ ಅಭ್ಯಾಸ ಗೊತ್ತಾದ ಮೇಲೆ ಚೆಲ್ಲೊ ನಕಲಿನ ಸ್ಲರ್‌ಗಳನ್ನು ಓದುವುದೇ ಬೇರೆ. ನಿಮ್ಮ ನಕಲುಗಾರನ ಬೇರೆ ಕೆಲಸಗಳನ್ನೂ ಹೀಗೆಯೇ ಹುಡುಕಿ ನೋಡಿ. ಇದಕ್ಕೆ ಕಳೆದ ಹೊತ್ತು ಎಂದೂ ದಂಡವಾಗುವುದಿಲ್ಲ.

ಹಂತ 5: ಮುಖ್ಯ ಆಕರ ಆರಿಸುವುದು, ನಿಯಮ ಬರೆದಿಡುವುದು

ವಂಶವೃಕ್ಷ ನೋಡಿ ಒಂದು ಮುಖ್ಯ ಆಕರ ಆರಿಸಿ. ಸಾಮಾನ್ಯವಾಗಿ ಇದು ರಚನಕಾರ ಕೊನೆಯದಾಗಿ ನೋಡಿ ಒಪ್ಪಿದ ಪಠ್ಯ. ಮೊದಲ ಮುದ್ರಣದ ಪ್ರೂಫನ್ನು ಅವನು ಚೆನ್ನಾಗಿ ಓದಿದ್ದರೆ ಆ ಮುದ್ರಣವೇ ಮುಖ್ಯ. ಓದದೆ ಬಿಟ್ಟಿದ್ದರೆ ಹಸ್ತಪ್ರತಿಯೇ ಮುಖ್ಯ. ಉಳಿದ ಆಕರಗಳು ಅನುಮಾನ ಬಂದಾಗ ಕೇಳುವುದಕ್ಕೆ.

ಇಲ್ಲಿಂದ ಒಂದು ಚಂದದ ಸ್ಲರ್, ಅಲ್ಲಿಂದ ಒಂದು ಚಂದದ ನೋಟ್ ಎಂದು ಆರಿಸಿ ಕೂಡಿಸಬೇಡಿ. ಹಾಗೆ ಮಾಡಿದರೆ ರಚನಕಾರ ಎಂದೂ ಬರೆಯದ, ಅವನ ಕಾಲದಲ್ಲಿ ಯಾರೂ ನುಡಿಸದ ಮೂರನೇ ಕೃತಿಯೊಂದು ಹುಟ್ಟುತ್ತದೆ. ಬ್ರೂಕ್ನರ್‌ನ ಸಿಂಫನಿಗಳ ವಿಷಯದಲ್ಲಿ ಹಾಸ್ ಮತ್ತು ನೋವಾಕ್ ಎಂಬ ಇಬ್ಬರು ಸಂಪಾದಕರ ಆವೃತ್ತಿಗಳ ಸುತ್ತ ಇಂದಿಗೂ ಜಗಳ ನಡೆಯುವುದು ಹೆಚ್ಚುಕಡಿಮೆ ಇದೇ ಕಾರಣಕ್ಕೆ. ರಚನಕಾರ ಎರಡು ಬೇರೆ ರೂಪ ಕೊಟ್ಟಿದ್ದರೆ ಎರಡನ್ನೂ ಬೇರೆ ಬೇರೆಯಾಗಿಯೇ ಅಚ್ಚು ಮಾಡಿ.

ಆಮೇಲೆ ಸಂಪಾದನೆಯ ನಿಯಮಗಳನ್ನು ಒಂದೆರಡು ಪುಟದಲ್ಲಿ ಬರೆದಿಡಿ. ಸಂಪಾದಕ ಸೇರಿಸಿದ್ದನ್ನು ಹೇಗೆ ತೋರಿಸುತ್ತೀರಿ? ಚೌಕ ಆವರಣ, ತುಂಡುಗೆರೆಯ ಸ್ಲರ್, ಸಣ್ಣ ಅಳತೆಯ ನೋಟ್ ಇವು ರೂಢಿ. ಹಳೆಯ ಕ್ಲೆಫ್‌ಗಳನ್ನು (ಯಾವ ಗೆರೆಗೆ ಯಾವ ಸ್ವರ ಎಂದು ಹೇಳುವ ಚಿಹ್ನೆಗಳು) ಬದಲಿಸುತ್ತೀರಾ? ಒಂದೇ ಬಾರ್‌ನಲ್ಲಿ ಮತ್ತೆ ಮತ್ತೆ ಬರೆದ ಶಾರ್ಪ್ (ಸ್ವರವನ್ನು ಅರ್ಧ ಮೆಟ್ಟಿಲು ಏರಿಸುವ) ಚಿಹ್ನೆಗಳನ್ನು ಈಗಿನ ಪದ್ಧತಿಗೆ ತರುತ್ತೀರಾ? ನೋಟ್‌ಗಳನ್ನು ಕೂಡಿಸುವ ಅಡ್ಡಗೆರೆ ಮೂಲದಂತೆಯೇ ಇರಲಿ ಎನ್ನುತ್ತೀರಾ? ಅಡ್ಡಗೆರೆ ಎಲ್ಲಿ ಒಡೆದಿದೆ ಎನ್ನುವುದು ಸ್ವರಗುಚ್ಛ ಹೇಗೆ ಉಸಿರಾಡಬೇಕು ಎಂದು ಎಷ್ಟೋ ಸಲ ಹೇಳುತ್ತದೆ. ಹಾಗಾಗಿ ಅದನ್ನು ಸುಮ್ನೆ "ಸರಿಪಡಿಸಲು" ಹೋಗದಿರುವುದು ಒಳ್ಳೆಯದು. ಈ ನಿಯಮಗಳು ಕೆಲಸ ಶುರುವಾಗುವ ಮೊದಲೇ ಬರಹದಲ್ಲಿ ಇರಬೇಕು. ಇಲ್ಲದಿದ್ದರೆ ಮೊದಲ ಭಾಗಕ್ಕೊಂದು ನ್ಯಾಯ, ಕೊನೆಯ ಭಾಗಕ್ಕೊಂದು ನ್ಯಾಯ ಆಗಿಬಿಡುತ್ತದೆ.

ಹಂತ 6: ತಾಳೆ ನೋಡುವುದು

ಮುಖ್ಯ ಆಕರದ ಒಂದು ಪ್ರಿಂಟ್ ತೆಗೆದುಕೊಂಡು, ಉಳಿದ ಪ್ರತಿಯೊಂದನ್ನೂ ಅದರ ಜೊತೆ ಬಾರ್ ಬಾರ್ ಆಗಿ ಹೋಲಿಸಿ. ಒಂದು ಆಕರಕ್ಕೆ ಒಂದು ಬಣ್ಣದ ಪೆನ್ಸಿಲ್ ಇಟ್ಟುಕೊಳ್ಳಿ. ಎಲ್ಲವನ್ನೂ ಒಂದೇ ಸಲ ನೋಡಲು ಹೋಗಬೇಡಿ. ಒಂದು ಸುತ್ತಿನಲ್ಲಿ ನೋಟ್ ಮತ್ತು ಲಯ ಮಾತ್ರ. ಇನ್ನೊಂದರಲ್ಲಿ ಶಾರ್ಪ್, ಫ್ಲ್ಯಾಟ್ (ಅರ್ಧ ಮೆಟ್ಟಿಲು ಇಳಿಸುವುದು), ನ್ಯಾಚುರಲ್ (ಆ ಎರಡನ್ನೂ ರದ್ದು ಮಾಡುವುದು). ಮತ್ತೊಂದರಲ್ಲಿ ಸ್ಲರ್ ಮತ್ತು ಚುಕ್ಕೆ. ಕೊನೆಗೆ ಜೋರು-ಮೆದು, ಪೆಡಲ್, ಬರಹದ ಸೂಚನೆಗಳು. ಕಣ್ಣು ಒಂದು ಸಲಕ್ಕೆ ಒಂದೇ ಬಗೆಯದನ್ನು ಹುಡುಕಿದಾಗ ಚುರುಕಾಗಿರುತ್ತದೆ.

ಕಂಡ ವ್ಯತ್ಯಾಸವನ್ನೆಲ್ಲ ಅಲ್ಲೇ ಪಟ್ಟಿಗೆ ಹಾಕಿ. ಯಾವುದು ಮುಖ್ಯ, ಯಾವುದು ಅಲ್ಲ ಎಂದು ಈಗಲೇ ತೀರ್ಮಾನಿಸಬೇಡಿ.

ಹಂತ 7: ತೀರ್ಮಾನಗಳು

ಇಲ್ಲಿ ಅವಸರ ಮಾಡಬಾರದು. ಹೆಚ್ಚಿನ ಪಾಠಾಂತರಗಳು ಸುಲಭ. ಕೊರೆಯುವವನ ಕೈ ತಪ್ಪಿ ನೋಟ್ ಒಂದು ಗೆರೆ ಮೇಲೆ ಕೂತಿರುತ್ತದೆ, ಒಂದು ಫ್ಲ್ಯಾಟ್ ಬಿಟ್ಟುಹೋಗಿರುತ್ತದೆ. ಇವನ್ನು ತಿದ್ದಿ, ಟಿಪ್ಪಣಿ ಬರೆದು ಮುಂದೆ ಹೋಗಿ. ಕಷ್ಟ ಇರುವುದು ಎರಡೂ ಸರಿ ಅನ್ನಿಸುವ ಜಾಗಗಳಲ್ಲಿ.

ಬೀಥೋವನ್‌ನ ಓಪಸ್ 106, ಅಂದರೆ ಹ್ಯಾಮರ್‌ಕ್ಲಾವಿಯರ್ ಸೊನಾಟಾ ನೋಡಿ. ಮೊದಲ ಭಾಗದಲ್ಲಿ ಮುಖ್ಯ ವಸ್ತು ಮರಳಿ ಬರುವ ಸ್ವಲ್ಪ ಮೊದಲು, 224ರಿಂದ 226ನೇ ಬಾರ್‌ಗಳಲ್ಲಿ, "ಎ" ಮತ್ತೆ ಮತ್ತೆ ಬರುತ್ತದೆ. ಆಗ ಸಾಲಿನ ಶುರುವಿನಲ್ಲಿ ಐದು ಶಾರ್ಪ್ ಇವೆ, ಅವುಗಳಲ್ಲೊಂದು "ಎ"ಗೆ. ಆದ್ದರಿಂದ ಅಚ್ಚಾದ ಪ್ರಕಾರ ಅದು ಎ-ಶಾರ್ಪ್. ಆದರೆ ಕೃತಿಯ ಮೂಲ ಶ್ರುತಿಯಾದ ಬಿ-ಫ್ಲ್ಯಾಟ್‌ಗೆ ಮರಳುವ ದಾರಿಯಲ್ಲಿ ಎ-ನ್ಯಾಚುರಲ್ ಬರುವುದು ಸಹಜ. ಬೀಥೋವನ್ ನ್ಯಾಚುರಲ್ ಚಿಹ್ನೆ ಹಾಕಲು ಮರೆತನೇ? ಅಥವಾ ಆ ವಿಚಿತ್ರ ಜಿಗಿತವೇ ಅವನಿಗೆ ಬೇಕಿತ್ತೇ? ಸ್ವಂತ ಕೈಬರಹ ಕಳೆದುಹೋಗಿದೆ. ದೊಡ್ಡ ದೊಡ್ಡ ಪಿಯಾನೊ ವಾದಕರು ಎರಡೂ ಪಕ್ಷದಲ್ಲಿದ್ದಾರೆ. ಇಂಥ ಕಡೆ ಸಂಪಾದಕ ಒಂದನ್ನು ಅಚ್ಚು ಮಾಡಲೇಬೇಕು. ಆದರೆ ಅದೇ ಪುಟದ ಕೆಳಗೆ ಇನ್ನೊಂದನ್ನೂ, ಕಾರಣವನ್ನೂ ಕೊಡಬೇಕು. ಪುಸ್ತಕದ ಕೊನೆಯ ಟಿಪ್ಪಣಿಯಲ್ಲಿ ಅಡಗಿಸಿದರೆ ಸಾಲದು. ನುಡಿಸುವವರು ಪಿಯಾನೊ ಮುಂದೆ ಕೂತಾಗ ಕಾಣಬೇಕು, ಅಲ್ವಾ?

ಇದೇ ಸೊನಾಟಾದ ನಿಧಾನ ಭಾಗ ಎರಡು ನೋಟ್‌ಗಳ ಒಂದು ಬಾರ್‌ನಿಂದ ಶುರುವಾಗುತ್ತದೆ. ಕೃತಿ ಮುಗಿದ ಮೇಲೆ, 1819ರಲ್ಲಿ, ಲಂಡನ್ ಮುದ್ರಣ ನೋಡಿಕೊಳ್ಳುತ್ತಿದ್ದ ಶಿಷ್ಯ ರೀಸ್‌ಗೆ ಕಾಗದ ಬರೆದು ಬೀಥೋವನ್ ಆ ಬಾರ್ ಸೇರಿಸಲು ಹೇಳಿದ. ಅಷ್ಟು ದೊಡ್ಡ ಕೃತಿಗೆ ಎರಡೇ ನೋಟ್ ಕಳಿಸಿದ್ದು ನೋಡಿ ರೀಸ್‌ಗೆ ಆಶ್ಚರ್ಯವಾಯಿತು. ನುಡಿಸಿ ನೋಡಿದ ಮೇಲೆ ಅದರ ಬೆಲೆ ಗೊತ್ತಾಯಿತು. ಸಂಪಾದಕರು ಕಾಗದಪತ್ರಗಳನ್ನೂ ಆಕರ ಎಂದು ಯಾಕೆ ಓದಬೇಕು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಶೋಪಾನ್‌ನ ಕಷ್ಟ ಬೇರೆ. ಅವನ ಕೃತಿಗಳು ಫ್ರಾನ್ಸ್, ಜರ್ಮನಿ, ಇಂಗ್ಲೆಂಡ್ ಮೂರೂ ಕಡೆ ಹೆಚ್ಚುಕಡಿಮೆ ಒಟ್ಟಿಗೇ ಪ್ರಕಟವಾಗುತ್ತಿದ್ದವು, ಮೂರರಲ್ಲೂ ವ್ಯತ್ಯಾಸ. ಮೇಲೆ ಪಾಠ ಹೇಳುವಾಗ ಶಿಷ್ಯರ ಪ್ರತಿಗಳಲ್ಲಿ ಪೆನ್ಸಿಲ್‌ನಿಂದ ಬದಲಾವಣೆ ಮಾಡುತ್ತಿದ್ದ. ಓಪಸ್ 28ರ ಸಿ-ಮೈನರ್ ಪ್ರಿಲ್ಯೂಡ್‌ನಲ್ಲಿ ಮೂರನೇ ಬಾರ್‌ನ ಕೊನೆಯ ಸ್ವರಮೇಳ ಹಸ್ತಪ್ರತಿಯಲ್ಲಿ ಮೇಜರ್. ಆದರೆ ಶಿಷ್ಯರ ಪ್ರತಿಯೊಂದರಲ್ಲಿ "ಇ" ಮುಂದೆ ಫ್ಲ್ಯಾಟ್ ಸೇರಿಸಲಾಗಿದೆ, ಆಗ ಅದು ಮೈನರ್ ಆಗುತ್ತದೆ. ಶೋಪಾನ್ ವಿಷಯದಲ್ಲಿ "ಒಂದೇ ಕೊನೆಯ ಪಠ್ಯ" ಎಂಬ ಆಸೆಯನ್ನೇ ಬಿಡಬೇಕು. ಪಾಠಾಂತರಗಳನ್ನು ಸಾಲಿನ ಮೇಲೆ ಸಣ್ಣ ಅಳತೆಯಲ್ಲಿ ಕೊಡುವುದೇ ಪ್ರಾಮಾಣಿಕ ದಾರಿ.

ಚಿಹ್ನೆಗಳನ್ನು ಓದುವುದೂ ಒಂದು ತೀರ್ಮಾನವೇ. ಶೂಬರ್ಟ್ ಒತ್ತು ಗುರುತನ್ನು ಉದ್ದವಾಗಿ ಎಳೆಯುತ್ತಿದ್ದ. ಅದು ಒತ್ತೋ, ದನಿ ಇಳಿಸುವ ಗುರುತೋ ಎಂದು ಗೊತ್ತಾಗದಷ್ಟು ಉದ್ದ. ದೊಡ್ಡ ಸಿ-ಮೇಜರ್ ಸಿಂಫನಿಯ ಕೊನೆಯ ಸ್ವರದ ಮೇಲೂ ಅಂಥದ್ದೇ ಇದೆ. ಸಿಂಫನಿ ಅಬ್ಬರದಲ್ಲಿ ಮುಗಿಯಬೇಕೋ, ಕರಗಿಹೋಗಬೇಕೋ ಎನ್ನುವುದು ಆ ಒಂದು ಗೆರೆಯನ್ನು ಹೇಗೆ ಓದುತ್ತೀರಿ ಎಂಬುದರ ಮೇಲೆ ನಿಂತಿದೆ. ಬೀಥೋವನ್ ಅಂತೂ ಓಪಸ್ 132 ಕ್ವಾರ್ಟೆಟ್ ನಕಲಾಗುವಾಗ, 1825ರಲ್ಲಿ ತನಗೆ ನೆರವಾಗುತ್ತಿದ್ದ ಹೋಲ್ಟ್ಸ್‌ಗೆ ಬರೆದ ಕಾಗದದಲ್ಲಿ, ಚುಕ್ಕೆ ಇರುವಲ್ಲಿ ಗೀಟು, ಗೀಟು ಇರುವಲ್ಲಿ ಚುಕ್ಕೆ ಹಾಕಬೇಡಿ ಎಂದು ಗದರಿದ್ದಾನೆ. ಎಲ್ಲವನ್ನೂ ಚುಕ್ಕೆ ಮಾಡಿಬಿಡುವ ಸಾಫ್ಟ್‌ವೇರ್ ಅಭ್ಯಾಸಕ್ಕೆ ಸೋಲಬೇಡಿ.

ಒಂದೇ ವಸ್ತು ಎರಡು ಕಡೆ ಬಂದಾಗ ಎರಡನ್ನೂ ಒಂದೇ ಥರ ಮಾಡುವ ಆಸೆ ಬಲವಾದದ್ದು. ಸ್ವಲ್ಪ ತಡೆಯಿರಿ. ಮೊದಲು ಬಂದಾಗ ಸ್ಲರ್ ಇದೆ, ಮರಳಿ ಬಂದಾಗ ಇಲ್ಲ. ಅದು ಮರೆವೂ ಇರಬಹುದು, ಬೇಕೆಂದೇ ಮಾಡಿದ್ದೂ ಇರಬಹುದು. ಬರೆಯುವಾಗ ಅವಸರದ ಗುರುತು ಕಂಡರೆ, ಉಳಿದ ವಾದ್ಯಗಳಲ್ಲಿ ಸ್ಲರ್ ಇದ್ದರೆ, ತುಂಡುಗೆರೆಯಲ್ಲಿ ಸೇರಿಸಿ. ಹಾಗಿಲ್ಲದಿದ್ದರೆ ಮುಟ್ಟಬೇಡಿ.

ಹಂತ 8: ಟಿಪ್ಪಣಿಗಳು

ಪ್ರತಿ ತೀರ್ಮಾನಕ್ಕೂ ಒಂದು ಸಾಲು ಸಾಕು. ಬಾರ್, ವಾದ್ಯ ಅಥವಾ ಕೈ, ಎಷ್ಟನೇ ನೋಟ್, ಯಾವ ಆಕರದಲ್ಲಿ ಏನಿದೆ, ನಾವು ಏನು ಮಾಡಿದ್ದೇವೆ. ನಮೂನೆಗೆ ಒಂದು ಸಾಲು:

ಬಾರ್ 47, ಎಡಗೈ, ನೋಟ್ 3: ಹ, ನ: ಎಫ್-ಶಾರ್ಪ್. ಮು1: ಎಫ್, ಚಿಹ್ನೆ ಇಲ್ಲ. ಬಾರ್ 112ರಲ್ಲಿ ಮೂರೂ ಆಕರಗಳಲ್ಲಿ ಎಫ್-ಶಾರ್ಪ್ ಇರುವುದರಿಂದ ಹ, ನ ಅನುಸರಿಸಿದೆ.

ಇಷ್ಟು ಚುಟುಕಾಗಿ, ಇಷ್ಟು ಪೂರ್ತಿಯಾಗಿ ಇರಲಿ. ಮುನ್ನುಡಿಯಲ್ಲಿ ಕೃತಿ ಹುಟ್ಟಿದ ಕಥೆ, ಆಕರಗಳ ಪರಿಚಯ, ಮುಖ್ಯ ಆಕರ ಯಾಕೆ ಮುಖ್ಯ ಎನ್ನುವ ಕಾರಣ ಬರಲಿ. ವಿದ್ವಾಂಸರ ಭಾಷೆ ಬೇಡ. ಓದುವವರು ಹೆಚ್ಚಾಗಿ ನಾಳೆ ವೇದಿಕೆ ಹತ್ತುವವರು.

ಪಿಯಾನೊ ಅಥವಾ ತಂತಿವಾದ್ಯದ ಕೃತಿಗೆ ಬೆರಳು ಗುರುತು ಬೇಕಿದ್ದರೆ ಅನುಭವಿ ಕಲಾವಿದರಿಂದ ಹಾಕಿಸಿ, ಅವರ ಹೆಸರು ಹಾಕಿ. ರಚನಕಾರನೇ ಕೊಟ್ಟ ಬೆರಳು ಗುರುತನ್ನು ಬೇರೆ ಅಕ್ಷರದಲ್ಲಿ ತೋರಿಸಿ. ಎರಡೂ ಬೆರೆತರೆ ನಿಮ್ಮ ಇಷ್ಟು ಹೊತ್ತಿನ ಶ್ರಮ ನೀರುಪಾಲು.

ಹಂತ 9: ಅಚ್ಚಿಗೆ ಪುಟ ಕಟ್ಟುವುದು

ಸ್ಕೋರ್ ಬರೆಯುವ ಸಾಫ್ಟ್‌ವೇರ್‌ಗಳಾದ ಡೊರಿಕೊ, ಸಿಬೆಲಿಯಸ್, ಮ್ಯೂಸ್‌ಸ್ಕೋರ್, ಲಿಲಿಪಾಂಡ್ ಇವುಗಳಲ್ಲಿ ಯಾವುದಾದರೂ ನಡೆಯುತ್ತದೆ. ಇದೇ ಬಗೆಯ ಫಿನಾಲೆಯ ಬೆಳವಣಿಗೆ 2024ರಲ್ಲಿ ನಿಂತಿತು. ಹಳೆಯ ಫಿನಾಲೆ ಫೈಲ್‌ಗಳಿದ್ದರೆ ಅವನ್ನು ಈಗಲೇ ಬೇರೆ ಸಾಫ್ಟ್‌ವೇರ್‌ಗಳೂ ಓದುವ ಮ್ಯೂಸಿಕ್‌ಎಕ್ಸ್‌ಎಂಎಲ್‌ಗೆ ಬದಲಿಸಿ ಇಟ್ಟುಕೊಳ್ಳಿ. ಸಾಫ್ಟ್‌ವೇರ್‌ಗಳು ಬಂದು ಹೋಗುತ್ತವೆ, ನಿಮ್ಮ ಪಠ್ಯ ಉಳಿಯಬೇಕು.

ನೋಟ್‌ಗಳನ್ನು ಮುಖ್ಯ ಆಕರ ನೋಡಿಯೇ ತುಂಬಿ. ಹಳೆಯ ಅಚ್ಚನ್ನು ಸ್ಕ್ಯಾನ್ ಮಾಡಿ ಸಾಫ್ಟ್‌ವೇರ್‌ನಿಂದ ಓದಿಸಿ ತಿದ್ದುವುದು ಸುಲಭ ಅನ್ನಿಸುತ್ತದೆ. ಆದರೆ ಆ ಅಚ್ಚಿನ ತಪ್ಪು ಒಂದಲ್ಲ ಒಂದು ಉಳಿದೇ ಉಳಿಯುತ್ತದೆ.

ಪುಟದ ಅಳತೆ ನೋಡಿ. ಹೆನ್ಲೆ ಪಿಯಾನೊ ಪುಸ್ತಕಗಳು 23.5 × 31 ಸೆಂ.ಮೀ. ಇರುತ್ತವೆ, ಎ4ಗಿಂತ ಸ್ವಲ್ಪ ದೊಡ್ಡವು. ಆರ್ಕೆಸ್ಟ್ರಾ ಪಾರ್ಟ್‌ಗಳಲ್ಲಿ (ಒಂದೊಂದು ವಾದ್ಯಕ್ಕೆ ಬೇರೆಯಾಗಿ ಮಾಡಿದ ಹಾಳೆಗಳು) ಐದು ಗೆರೆಗಳ ಸ್ಟಾಫ್ ಎತ್ತರ 7 ಮಿ.ಮೀ.ಗಿಂತ ಕಡಿಮೆ ಆಗಬಾರದು. ಇಬ್ಬರು ಒಂದೇ ಸ್ಟ್ಯಾಂಡ್ ನೋಡುವ ತಂತಿವಾದ್ಯಗಳಿಗೆ 8 ಮಿ.ಮೀ. ಇದ್ದರೆ ಹಿತ. ಕಾಗದ ತುಸು ಹಳದಿ ಛಾಯೆಯದು, ಹೊಳಪಿಲ್ಲದ್ದು, ಸುಮಾರು 100 ಜಿಎಸ್‌ಎಂ ಇರಲಿ. ವೇದಿಕೆಯ ದೀಪ ಹಿಂದಿನಿಂದ ಬಿದ್ದಾಗ ಆಚೆ ಪುಟ ಕಾಣಬಾರದು. ಹೊಲಿಗೆ ಹಾಕಿದ ಪುಸ್ತಕ ಸ್ಟ್ಯಾಂಡ್ ಮೇಲೆ ಚಪ್ಪಟೆಯಾಗಿ ತೆರೆದು ನಿಲ್ಲಬೇಕು. ಬರಿ ಗೋಂದು ಹಚ್ಚಿದ ಪುಸ್ತಕ ಪದೇ ಪದೇ ಮುಚ್ಚಿಕೊಳ್ಳುತ್ತದೆ.

ಎಲ್ಲಕ್ಕಿಂತ ಮುಖ್ಯ ಪುಟ ತಿರುವುವ ಜಾಗ. ಪಾರ್ಟ್ ಕಟ್ಟುವಾಗ ಬಲಗಡೆ ಪುಟದ ಕೊನೆಗೆ ವಿರಾಮ ಬರುವಂತೆ ಲೆಕ್ಕ ಹಾಕಿ. ಅದಕ್ಕಾಗಿ ಪುಟ ಅರ್ಧ ಖಾಲಿ ಬಿಡಬೇಕಾದರೂ ಪರವಾಗಿಲ್ಲ. ತಿರುವಿದ ಕೂಡಲೇ ಏನಾದರೂ ಇದ್ದರೆ "ವಿ.ಎಸ್." (ವೋಲ್ತಿ ಸುಬಿತೊ, ಕೂಡಲೇ ತಿರುವಿ) ಎಂದು ಹಾಕುವುದು ಹಳೆಯ ರೂಢಿ, ಇಂದಿಗೂ ಉಪಯೋಗವೇ. ಪಿಟೀಲು ವಾದಕಿಯೊಬ್ಬರು ಬಿಲ್ಲು ಹಿಡಿದ ಕೈಯಲ್ಲೇ ಪುಟ ತಿರುವಲು ಎಷ್ಟು ಹೊತ್ತು ಬೇಕು ಎಂದು ನಿಜವಾಗಿ ನೋಡಿಕೊಂಡು ಲೆಕ್ಕ ಹಾಕಿ. ಉದ್ದ ವಿರಾಮದ ನಂತರ ಬೇರೆ ವಾದ್ಯದ ಸುಳಿವು ನೋಟ್‌ಗಳನ್ನು ಸಣ್ಣದಾಗಿ ಕೊಡಿ. ಸುಳಿವಿಗೆ ಆರಿಸುವ ವಾದ್ಯ ಆ ಕುರ್ಚಿಯಲ್ಲಿ ಕೂತವರಿಗೆ ನಿಜಕ್ಕೂ ಕೇಳಿಸುವಂಥದ್ದಾಗಿರಲಿ. ಬಾರ್ ನಂಬರ್ ಮತ್ತು ರಿಹರ್ಸಲ್ ಅಕ್ಷರಗಳು (ಅಭ್ಯಾಸದಲ್ಲಿ ಜಾಗ ಹೇಳಲು ಹಾಕುವ ಎ, ಬಿ, ಸಿ) ಸ್ಕೋರ್‌ನಲ್ಲೂ ಪಾರ್ಟ್‌ನಲ್ಲೂ ಒಂದೇ ಇರಬೇಕು.

ಹಂತ 10: ಪ್ರೂಫ್ ಓದುವುದು

ತುಂಬಿದವರು ಓದಬಾರದು, ಇದು ಮೊದಲ ನಿಯಮ. ತುಂಬಿದವರ ಕಣ್ಣು ತಾವು ಬರೆಯಬೇಕೆಂದಿದ್ದದ್ದನ್ನೇ ಓದುತ್ತದೆ. ಒಬ್ಬರು ಮುಖ್ಯ ಆಕರದ ಎದುರು ಓದಲಿ. ಇನ್ನೊಬ್ಬರು ಆಕರ ನೋಡದೆ, ಸಂಗೀತ ಅರ್ಥ ಆಗುತ್ತದೆಯೇ ಎಂದು ಓದಲಿ. ಒಂದು ಸುತ್ತು ಕೊನೆಯ ಬಾರ್‌ನಿಂದ ಹಿಂದಕ್ಕೆ ಓದಿ. ಆಗ ಕಿವಿ ಕಣ್ಣಿಗೆ ಮೋಸ ಮಾಡುವುದಿಲ್ಲ. ಕಂಪ್ಯೂಟರ್‌ನಲ್ಲಿ ನುಡಿಸಿ ಕೇಳುವುದರಿಂದ ತಪ್ಪು ನೋಟ್ ಸಿಗುತ್ತದೆ, ತಪ್ಪಾದ ಸ್ಲರ್ ಸಿಗುವುದಿಲ್ಲ.

ಆಮೇಲೆ ಪಾರ್ಟ್‌ಗಳನ್ನು ನಿಜವಾದ ಸಂಗೀತಗಾರರ ಮುಂದಿಡಿ. ಒಂದು ರಿಹರ್ಸಲ್ ಸಾಕು. ಅವರ ಪೆನ್ಸಿಲ್ ಗುರುತುಗಳಿರುವ ಹಾಳೆಗಳನ್ನು ವಾಪಸ್ ಕೇಳಿ ತೆಗೆದುಕೊಳ್ಳಿ. ಎಲ್ಲಿ ಮೂರು ಜನ ಒಂದೇ ಜಾಗದಲ್ಲಿ ಕನ್ನಡಕದ ಚಿತ್ರ (ಇಲ್ಲಿ ಹುಷಾರು ಎಂಬ ಗುರುತು) ಬರೆದಿದ್ದಾರೋ ಅಲ್ಲಿ ನಿಮ್ಮ ಪುಟದಲ್ಲಿ ಏನೋ ಸರಿ ಇಲ್ಲ.

ಪ್ರೂಫ್‌ನ ಪ್ರತಿ ತಿದ್ದುಪಡಿಯ ನಂತರ ಆ ಪುಟ ಪೂರ್ತಿ ಮತ್ತೆ ನೋಡಬೇಕು. ಒಂದು ಬಾರ್ ಅಗಲ ಮಾಡಿದರೆ ಸಾಲು ಜರುಗುತ್ತದೆ, ಪುಟ ತಿರುವುವ ಜಾಗವೂ ಜರುಗಿಬಿಡಬಹುದು.

ಹಂತ 11: ಪ್ರಕಟಣೆ ಮತ್ತು ಆಮೇಲೆ

ಸ್ಕೋರ್‌ಗಳಿಗೆ ಪುಸ್ತಕಗಳ ಐಎಸ್‌ಬಿಎನ್ ಅಲ್ಲ, ಅಚ್ಚಾದ ಸಂಗೀತದ ಗುರುತು ಸಂಖ್ಯೆಯಾದ ಐಎಸ್‌ಎಂಎನ್ ಬೇಕು. 13 ಅಂಕಿ, ಶುರು 979-0ಯಿಂದ. ಪೂರ್ಣ ಸ್ಕೋರ್, ಪಾರ್ಟ್‌ಗಳ ಸೆಟ್, ಬಿಡಿ ಪಾರ್ಟ್, ಪಿಡಿಎಫ್ ಇವುಗಳನ್ನು ಬೇರೆ ಬೇರೆ ಮಾರುವುದಿದ್ದರೆ ಒಂದೊಂದಕ್ಕೂ ಬೇರೆ ನಂಬರ್. ನಿಮ್ಮ ದೇಶದ ಏಜೆನ್ಸಿಯಿಂದ ಮೊದಲೇ ಪಡೆದುಕೊಳ್ಳಿ. ಟ್ಯಾಬ್ಲೆಟ್ ನೋಡಿ ನುಡಿಸುವವರು ಈಗ ಜಾಸ್ತಿ. ಅವರಿಗೆ ಅಂಚು ಕಡಿಮೆ ಇರುವ, ಒಂದೊಂದೇ ಪುಟವಾಗಿ ಓದಲು ಬರುವ ಪಿಡಿಎಫ್ ಬೇರೆಯಾಗಿ ಮಾಡಿ. ಅಚ್ಚಿನ ಫೈಲನ್ನೇ ಕೊಟ್ಟುಬಿಟ್ಟರೆ ಅಕ್ಷರ ಸಣ್ಣದಾಗುತ್ತದೆ.

ಮುಖಪುಟದ ಹಿಂದೆ ಮುದ್ರಣದ ವರ್ಷ ಮತ್ತು ಆವೃತ್ತಿಯ ಸಂಖ್ಯೆ ಇರಲೇಬೇಕು. ಮರುಮುದ್ರಣದಲ್ಲಿ ಒಂದೇ ಒಂದು ಚುಕ್ಕೆ ತಿದ್ದಿದರೂ ಸಂಖ್ಯೆ ಬದಲಿಸಿ, ಏನು ತಿದ್ದಿದ್ದೀರಿ ಎಂದು ಅಲ್ಲೇ ಬರೆಯಿರಿ. ಹಳೆಯ ಪ್ರಕಾಶಕರು ಸದ್ದಿಲ್ಲದೆ ಪ್ಲೇಟ್ ತಿದ್ದಿದ್ದಕ್ಕೇ ಇಂದಿನ ಸಂಪಾದಕರು ಗ್ರಂಥಾಲಯದಿಂದ ಗ್ರಂಥಾಲಯಕ್ಕೆ ಅಲೆಯಬೇಕಾಗಿದೆ.

ಪುಸ್ತಕ ಕೊಂಡವರು ತಪ್ಪು ತೋರಿಸಿದರೆ ಆಕರ ತೆಗೆದು ನೋಡಿ, ವಾರದೊಳಗೆ ಉತ್ತರ ಬರೆಯಿರಿ. ತಪ್ಪು ನಿಜವಾದರೆ ತಿದ್ದೋಲೆಯನ್ನು ಉಚಿತವಾಗಿ ಎಲ್ಲರಿಗೂ ಸಿಗುವಂತೆ ಹಾಕಿ. ಅದನ್ನು ಹಳೆಯ ಪ್ರತಿಯೊಳಗೆ ಅಂಟಿಸಿಕೊಳ್ಳಲು ಬರುವಂತೆ, ಆ ಸಾಲಿನ ಅಳತೆಯಲ್ಲೇ ಅಚ್ಚು ಮಾಡಿ.